ಪಂಕ್ತಿಯೂ ಪಾಠವೂ: ರಾಯಚೂರು ಸೀಮೆಯ ವಿದ್ಯಾರ್ಥಿನಿಲಯಗಳ ಚರಿತ್ರೆಗೆ ಒಂದು ಪ್ರವೇಶ

ಶ್ರಾವಕಾಚಾರವನ್ನು ನಿರೂಪಿಸುವ ಜೈನ ಗ್ರಂಥಗಳು ಗೃಹಸ್ಥನು ಸಲ್ಲಿಸಬೇಕಾದ ದಾನವನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕಾಗಿ ಎಣಿಸುತ್ತವೆ. ಶಾಸ್ತ್ರದಾನ ಎಂದೊಡನೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ ನೆನಪಾಗುತ್ತಾಳೆ. ಆಹಾರದಾನವನ್ನು ಹೇಳುವ ಶಾಸನಗಳಿಗಂತೂ ಲೆಕ್ಕವಿಲ್ಲ. ಆದರೆ ಅನ್ನ, ಅಕ್ಷರ, ಅಭಯ ಈ ಮೂರೂ ಒಂದೇ ಸೂರಿನಡಿ ಒಂದೇ ಮಗುವಿಗೆ ಸಲ್ಲುವುದು ಎಲ್ಲಿ? ವಿದ್ಯಾರ್ಥಿನಿಲಯದಲ್ಲಿ. ಹಾಗಿದ್ದರೂ ನಮ್ಮ ಶಿಕ್ಷಣದ ಚರಿತ್ರೆಯನ್ನು ಬರೆದವರು ಶಾಲೆಗಳನ್ನು, ಪಠ್ಯಗಳನ್ನು, ವಿಶ್ವವಿದ್ಯಾಲಯಗಳನ್ನು ಕುರಿತು ಬರೆದಷ್ಟು ವಿದ್ಯಾರ್ಥಿನಿಲಯಗಳನ್ನು ಕುರಿತು ಬರೆದಿಲ್ಲ. ಅಡುಗೆಮನೆಯ ಹೊಗೆ ಚರಿತ್ರೆಯ ಪುಟಕ್ಕೆ ತಕ್ಕುದಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬಹುದು.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ನೆಲವನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಇಂದಿನ ರಾಯಚೂರು, ದೇವದುರ್ಗ, ಮಾನ್ವಿ ಈ ನಾಡಿನ ಒಡಲಲ್ಲಿವೆ. ಎರಡು ಮಹಾನದಿಗಳ ನಡುವೆ ಇದ್ದೂ ಬರಕ್ಕೆ ಹೆಸರಾದ ಸೀಮೆ ಇದು. ಇಲ್ಲಿ ಬಡ ಮಗುವೊಂದು ಓದಬೇಕಾದರೆ ಶಾಲೆ ಇದ್ದರೆ ಸಾಲದು; ಶಾಲೆ ಇರುವ ಊರಿನಲ್ಲಿ ಎರಡು ಹೊತ್ತಿನ ಊಟ ಮತ್ತು ರಾತ್ರಿ ತಲೆಯಿಡಲು ಒಂದು ಜಾಗ ಬೇಕು. ಆ ಊಟದ ಪಂಕ್ತಿಯಲ್ಲಿ ಯಾವ ಮಗುವಿಗೆ ಎಡೆ ದೊರೆಯಿತು, ಯಾವ ಮಗುವಿಗೆ ದೊರೆಯಲಿಲ್ಲ ಎಂಬುದನ್ನು ಬಿಟ್ಟು ಈ ಸೀಮೆಯ ವಿದ್ಯಾಭ್ಯಾಸದ ಕಥೆಯನ್ನು ಹೇಳಲು ಬಾರದು ಎಂಬುದೇ ಈ ಬರಹದ ಮುಖ್ಯ ವಾದ.

ಮೊದಲು ಶಾಸನಗಳನ್ನು ನೋಡೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿಚಾರ ಕ್ರಿ.ಶ. 945ರ ಶಾಸನದಲ್ಲಿ ಬರುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ 27 ನಿವೇಶನಗಳಿದ್ದವು. ಓದಿನ ದೀಪದ ಎಣ್ಣೆಗೆಂದು 12 ನಿವರ್ತನ ಭೂಮಿಯನ್ನು ಬೇರೆಯಾಗಿ ಬಿಡಲಾಗಿತ್ತು. ದೀಪದ ಖರ್ಚನ್ನು ಪ್ರತ್ಯೇಕವಾಗಿ ನಮೂದಿಸಿದ ಆ ಎಚ್ಚರ ಮೆಚ್ಚತಕ್ಕದ್ದು. ರಾತ್ರಿಯ ಓದು ಎಣ್ಣೆಯಿಲ್ಲದೆ ನಡೆಯುವುದಿಲ್ಲವೆಂಬುದು ಹತ್ತನೆಯ ಶತಮಾನದ ಆಡಳಿತಗಾರನಿಗೆ ತಿಳಿದಿತ್ತು. ಇನ್ನು ಎಡೆದೊರೆಗೆ ಹತ್ತಿರದ ನಾಗಾವಿ. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ಈ ಘಟಿಕಾಸ್ಥಾನವನ್ನು ಚಾಳುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಪೋಷಿಸಿದನು. ಕ್ರಿ.ಶ. 1058ರ ಶಾಸನದಂತೆ ಅಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು ಇದ್ದರು. ಆರು ಗ್ರಂಥಪಾಲಕರು! ಇಂದಿನ ಎಷ್ಟು ಪದವಿ ಕಾಲೇಜುಗಳಲ್ಲಿ ಒಬ್ಬ ಗ್ರಂಥಪಾಲಕನಾದರೂ ಇದ್ದಾನೆಂದು ಕೇಳಬೇಕೆನಿಸುತ್ತದೆ.

ಈ ಸಂಸ್ಥೆಗಳ ಹಿರಿಮೆಯನ್ನು ಕೊಂಡಾಡಿದವರು ಬಹಳ. ಅವುಗಳ ಬಾಗಿಲು ಯಾರಿಗೆ ತೆರೆದಿತ್ತು ಎಂದು ಕೇಳಿದವರು ಕಡಿಮೆ. ವೇದಾಧ್ಯಯನಕ್ಕೆಂದು ಏರ್ಪಟ್ಟ ಘಟಿಕೆಯಲ್ಲಿ ಊಟ, ವಸತಿ, ದೀಪ ಎಲ್ಲವೂ ಇದ್ದರೂ ಅವು ಸಲ್ಲುತ್ತಿದ್ದುದು ವೇದಾಧಿಕಾರವುಳ್ಳವರಿಗೆ ಮಾತ್ರ. ಬಳ್ಳಿಗಾವಿಯ ಕೋಡಿಯ ಮಠದ ಕ್ರಿ.ಶ. 1162ರ ಶಾಸನ ಇಲ್ಲಿ ಒಂದು ಅಪವಾದದ ಕಡೆಗೆ ಬೆರಳು ತೋರುತ್ತದೆ. ವ್ಯಾಕರಣ, ದರ್ಶನ, ವೇದಗಳ ಅಧ್ಯಯನಕ್ಕೆ ಎಡೆಯಾಗಿದ್ದ ಆ ಕಾಳಾಮುಖ ಮಠದಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಅನ್ನ ಪಡೆಯುವವರ ಪಟ್ಟಿಯಲ್ಲಿ ಕ್ಷಪಣಕರ, ಎಂದರೆ ಜೈನ ಸಾಧುಗಳ, ಹೆಸರೂ ಇದೆ. ಶೈವ ಮಠವೊಂದರ ಪಂಕ್ತಿಯಲ್ಲಿ ಪರಸಮಯದವರಿಗೂ ಎಡೆಯಿತ್ತೆಂಬುದು ಸಣ್ಣ ಸಂಗತಿಯಲ್ಲ. ಆದರೂ ಅಲ್ಲಿಯೂ ಅನ್ನ ಪಡೆಯುವ ಅನಾಥನೂ ಶಾಸ್ತ್ರ ಓದುವ ವಿದ್ಯಾರ್ಥಿಯೂ ಎರಡು ಬೇರೆ ವರ್ಗಗಳಾಗಿಯೇ ಕಾಣುತ್ತಾರೆ. ಅನಾಥನೇ ವಿದ್ಯಾರ್ಥಿಯಾಗುವ ಕಾಲ ಬರಲು ಇನ್ನೂ ಏಳೂವರೆ ಶತಮಾನಗಳು ಕಳೆಯಬೇಕಾಯಿತು.

ನಡುವಿನ ಈ ದೀರ್ಘ ಕಾಲದಲ್ಲಿ ಬಡ ವಿದ್ಯಾರ್ಥಿಯನ್ನು ಸಾಕಿದ್ದು ವಾರಾನ್ನ ಮತ್ತು ಮಧುಕರ ವೃತ್ತಿ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವುದು ವಾರಾನ್ನ; ಜೇನು ಹೂವಿನಿಂದ ಹೂವಿಗೆ ಹೋಗುವಂತೆ ಮನೆಯಿಂದ ಮನೆಗೆ ಹೋಗಿ ಬೇಡಿ ತರುವುದು ಮಧುಕರ. ಜೈನ ಮುನಿಗಳ ಆಹಾರಚರ್ಯೆಗೂ ಭ್ರಾಮರಿ ವೃತ್ತಿ ಎಂಬ ಹೆಸರಿದೆ; ಹೂವಿಗೆ ನೋವಾಗದಂತೆ ದುಂಬಿ ಮಧುವನ್ನು ಹೀರುವ ಉಪಮೆ ಎರಡೂ ಪರಂಪರೆಗಳಿಗೆ ಸಮಾನ. ಹರಿದಾಸ ಸಾಹಿತ್ಯದ ಎರಡನೆಯ ಘಟ್ಟ ಅರಳಿದ್ದು ಇದೇ ಸೀಮೆಯಲ್ಲಿ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲ್ಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಹರಿಕಥಾಮೃತಸಾರದ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲಿ. ಬಡತನವನ್ನು ಉಂಡವರು, ಮಧುಕರವನ್ನು ವ್ರತವಾಗಿ ಸ್ವೀಕರಿಸಿದವರು ಈ ದಾಸರು. ಅವರ ಬಡತನಕ್ಕೆ ಆಸರೆಯಾದ ಒಂದು ಸಾಮಾಜಿಕ ವ್ಯವಸ್ಥೆ ಇತ್ತು ಎಂಬುದನ್ನೂ ಗಮನಿಸಬೇಕು. ಬೇಡುವ ಬ್ರಾಹ್ಮಣ ಬಾಲಕನಿಗೆ ನೀಡುವ ಮನೆಗಳ ಸಾಲೊಂದು ಊರೂರಲ್ಲಿ ಇತ್ತು. ಅದೇ ಮೊಸರಕಲ್ಲಿನ ಬೇಡರ ಹುಡುಗನಿಗೆ, ಅದೇ ಚೀಕಲಪರ್ವಿಯ ಹೊಲಗೇರಿಯ ಹುಡುಗನಿಗೆ ಅಂತಹ ಸಾಲು ಇರಲಿಲ್ಲ. ಅವನು ಊರ ಅಂಗಳದಲ್ಲಿ ಬೇಡಿ ಉಂಡಿರಬಹುದು. ಓದುವುದಕ್ಕಾಗಿ ಬೇಡುವ ಅಧಿಕಾರ ಅವನಿಗೆ ಇರಲಿಲ್ಲ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸು ರೈಲ್ವೆಯೂ ರಾಯಚೂರಿನಲ್ಲಿ ಕೂಡಿದವು. ಕೋಟೆಯ ಊರು ಹತ್ತಿಯ ಪೇಟೆಯಾಯಿತು. ಗಂಜಿನ ವ್ಯಾಪಾರ ಬೆಳೆಯಿತು. ಕಚೇರಿ, ಕೋರ್ಟು, ಶಾಲೆ ಎಲ್ಲವೂ ಅಲ್ಲಿಯೇ ನೆಲೆಗೊಂಡವು. ದೇವದುರ್ಗಕ್ಕೂ ಮಾನ್ವಿಗೂ ರೈಲು ಬರಲಿಲ್ಲ. ಸುಮಾರು ಐವತ್ತು ಕಿಲೋಮೀಟರು ದೂರದ ಹಳ್ಳಿಯ ಹುಡುಗನಿಗೆ ಮೇಲಿನ ತರಗತಿಯ ಓದೆಂದರೆ ರಾಯಚೂರಿಗೆ ಹೋಗಿ ನಿಲ್ಲುವುದೇ ಆಯಿತು. ದೂರದ ಜೊತೆಗೆ ಭಾಷೆಯ ತೊಡಕೂ ಸೇರಿತು. ನಿಜಾಮ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು; ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾದದ್ದೂ ಉರ್ದು ಮಾಧ್ಯಮದಲ್ಲಿಯೇ. ದೇಶಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿದ ಆ ಸಾಹಸವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕನ್ನಡವಾಡುವ ಹಳ್ಳಿಯ ಮಗುವಿಗೆ ಅದು ಇನ್ನೊಂದು ಹೊಸ್ತಿಲಾಯಿತು. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕೆಂಬ ಕಟ್ಟಳೆ ಕನ್ನಡ ಶಾಲೆಗಳ ಬೆಳವಣಿಗೆಯನ್ನು ತಡೆಯಿತು. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯ, 1922ರಲ್ಲಿ ಕುಕನೂರಿನಲ್ಲಿ ಹುಟ್ಟಿದ ವಿದ್ಯಾನಂದ ಗುರುಕುಲ ಇಂತಹ ಪ್ರತಿಕೂಲ ಹವೆಯಲ್ಲಿ ನಿಂತವು ಎಂಬುದರಲ್ಲಿಯೇ ಅವುಗಳ ಮಹತ್ವವಿದೆ.

ರಾಯಚೂರು ನಗರದ ಮಟ್ಟಿಗೆ ಇಲ್ಲಿ ನೆನೆಯಬೇಕಾದ ಹೆಸರು ಪಂಡಿತ ತಾರಾನಾಥರದು. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಹೈದರಾಬಾದು ಸಂಸ್ಥಾನಕ್ಕೆ ಬಂದು, 1920ರ ದಶಕದ ಆರಂಭದ ವೇಳೆಗೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಹೆಸರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪಾರಸಿಯಲ್ಲಿ ‘ಹಮ್’ ಎಂದರೆ ಜೊತೆ, ‘ದರ್ದ್’ ಎಂದರೆ ನೋವು. ಇನ್ನೊಬ್ಬರ ನೋವನ್ನು ಜೊತೆಗೂಡಿ ಉಣ್ಣುವವನು ಹಮ್‌ದರ್ದ್. ಜೈನ ಆಚಾರ್ಯರು ಸಮ್ಯಕ್ತ್ವದ ಲಕ್ಷಣಗಳನ್ನು ಹೇಳುವಾಗ ಪ್ರಶಮ, ಸಂವೇಗ, ಆಸ್ತಿಕ್ಯಗಳ ಜೊತೆಗೆ ಎಣಿಸುವ ‘ಅನುಕಂಪೆ’ಯ ಧಾತ್ವರ್ಥವೂ ಇದಕ್ಕೆ ಬಹಳ ದೂರವಲ್ಲ: ಇನ್ನೊಬ್ಬರು ನಡುಗಿದಾಗ ಅವರನ್ನು ಅನುಸರಿಸಿ ನಡುಗುವುದು. ಕನ್ನಡ ಸೀಮೆಯಲ್ಲಿ, ಉರ್ದು ಆಡಳಿತದ ಊರಿನಲ್ಲಿ, ಮಂಗಳೂರಿನಿಂದ ಬಂದ ಆಯುರ್ವೇದ ಪಂಡಿತನೊಬ್ಬ ತನ್ನ ಶಾಲೆಗೆ ಪಾರಸಿಯ ಹೆಸರಿಟ್ಟದ್ದು ಆ ಕಾಲದ ರಾಯಚೂರಿನ ಬಹುಭಾಷಿಕ ಬದುಕಿನ ಗುರುತು. ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಮಕ್ಕಳನ್ನೂ ಒಳಗೊಳ್ಳಬೇಕೆಂಬ ಸಂಕಲ್ಪವೂ ಅದರಲ್ಲಿ ಕಾಣುತ್ತದೆ. ಆ ಸಂಕಲ್ಪ ದೊರೆತನಕ್ಕೆ ಹಿತವಾಗಲಿಲ್ಲ. ನಿಜಾಮ ಸರ್ಕಾರದ ಅವಕೃಪೆಗೆ ಗುರಿಯಾದ ತಾರಾನಾಥರು ಸಂಸ್ಥಾನವನ್ನು ತೊರೆದು, ನದಿಯ ಆಚೆ ದಂಡೆಯಲ್ಲಿ ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನ ಆಶ್ರಮವನ್ನು ನೆಲೆಗೊಳಿಸಿದರು. ‘ಪ್ರೇಮ’ ಪತ್ರಿಕೆಯನ್ನು ನಡೆಸಿದರು, ನಾಟಕ ಬರೆದರು, ಔಷಧ ಕೊಟ್ಟರು. 1942ರಲ್ಲಿ ಅವರು ತೀರಿಕೊಂಡರು. ರಾಯಚೂರಿನ ತಾರಾನಾಥ ಶಿಕ್ಷಣ ಸಂಸ್ಥೆಯ ಹೆಸರಿನಲ್ಲಿ ಅವರ ನೆನಪು ಉಳಿದಿದೆ. ಅವರ ಮಗ, ಸರೋದ್ ವಾದಕ ರಾಜೀವ ತಾರಾನಾಥರ ಮೂಲಕ ತಂದೆಯನ್ನು ಅರಿತವರೇ ಇಂದು ಹೆಚ್ಚು. ಶಾಲೆ ಕಟ್ಟಿದ ತಾರಾನಾಥರ ಮೇಲೆ ಒಂದು ಸಮಗ್ರ ಸಂಶೋಧನ ಪ್ರಬಂಧ ಬರಬೇಕಾಗಿದೆ.

ಶಾಲೆಯ ಪಕ್ಕದಲ್ಲಿ ಬೋರ್ಡಿಂಗು ಎಂಬ ಕಲ್ಪನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಖ್ಖನದಲ್ಲೆಲ್ಲ ಹಬ್ಬಿತು. ಅದರ ಸ್ವರೂಪವನ್ನು ಅರಿಯಲು ಎಡೆದೊರೆಯಿಂದ ಪಶ್ಚಿಮಕ್ಕೆ, ಕೊಲ್ಲಾಪುರಕ್ಕೆ ಹೋಗಬೇಕು. ಅಲ್ಲಿ ಶಾಹೂ ಮಹಾರಾಜರು ಮೊದಲು 1896ರಲ್ಲಿ ಎಲ್ಲರಿಗೂ ಒಂದೇ ವಿದ್ಯಾರ್ಥಿನಿಲಯವನ್ನು ತೆರೆದರು. ಕೆಲವೇ ಕಾಲದಲ್ಲಿ ಅದು ಬ್ರಾಹ್ಮಣ ವಿದ್ಯಾರ್ಥಿಗಳದ್ದೇ ಆಗಿಹೋಯಿತು. ಸಾಮಾನ್ಯ ಪಂಕ್ತಿಯಲ್ಲಿ ಬಲಹೀನರಿಗೆ ಎಡೆ ಸಿಗದೆಂದು ಕಂಡ ಅವರು 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗು, ಅನಂತರ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ ಎಂದು ಬೇರೆ ಬೇರೆ ನಿಲಯಗಳಿಗೆ ನೆರವಾದರು. ಅಸ್ಪೃಶ್ಯ ಮಕ್ಕಳಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗು ಸ್ಥಾಪನೆಯಾಯಿತು. ಜೈನ ಬೋರ್ಡಿಂಗಿನ ಹಿಂದೆ ಮುಂಬಯಿಯ ದಾನವೀರ ಸೇಠ್ ಮಾಣಿಕಚಂದರಂತಹ ವರ್ತಕರ ಔದಾರ್ಯವೂ ಅಣ್ಣಾಸಾಹೇಬ ಲಠ್ಠೆಯವರಂತಹ ವಿದ್ಯಾವಂತರ ದುಡಿಮೆಯೂ ಇದ್ದವು. ಬೆಳಗಾವಿ, ಹುಬ್ಬಳ್ಳಿಗಳ ಮಾಣಿಕಬಾಗ್ ಬೋರ್ಡಿಂಗುಗಳು ಇದೇ ಕುಟುಂಬಕ್ಕೆ ಸೇರಿದವು. ಹಳ್ಳಿಯ ಒಕ್ಕಲು ಜೈನರ ಮಕ್ಕಳು ವಕೀಲರು, ಅಧ್ಯಾಪಕರು ಆದದ್ದು ಈ ನಿಲಯಗಳ ಋಣದಿಂದ. ಅದನ್ನು ಮರೆಯಬಾರದು.

ಆದರೆ ಇದೇ ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿ ನಡೆದ ಒಂದು ಘಟನೆಯನ್ನೂ ಮರೆಯಬಾರದು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲ ಎಂಬ ಜೈನ ತರುಣ ಅಲ್ಲಿ ವಾಸವಾಗಿದ್ದ. ಅವನ ಹಿರಿಯರ ಮೂಲ ಮೂಡಬಿದಿರೆಯ ಕಡೆಯದೆಂದು ಹೇಳುತ್ತಾರೆ. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದ ಅವನಿಗೆ ಸ್ನಾನಮಾಡಿ ಶುದ್ಧನಾಗಿ ಒಳಗೆ ಬರಬೇಕೆಂದು ವಿಧಿಸಲಾಯಿತು. ಅವನು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಹಾಕಿದರು. ಜಾತಿಯಲ್ಲಿ ಗೋತ್ರಮದ, ಕುಲಮದಗಳನ್ನು ಕಾಣುವುದನ್ನೇ ಸಮ್ಯಗ್ದರ್ಶನದ ದೋಷವೆಂದು ಹೇಳುವ ಧರ್ಮದ ಅನುಯಾಯಿಗಳು ನಡೆಸುತ್ತಿದ್ದ ನಿಲಯದಲ್ಲಿ ಹೀಗಾಯಿತು ಎಂಬುದನ್ನು ಜೈನರಾದ ನಾವು ಸಂಕೋಚದಿಂದಲೇ ಆದರೂ ಬರೆಯಬೇಕು. ಮುಂದೆ ಇದೇ ಭಾವುರಾವ್ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು; 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುವ ವಿದ್ಯಾರ್ಥಿನಿಲಯವನ್ನು ತೆರೆದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂಬ ಹೆಸರಾಯಿತು. ಮಕ್ಕಳ ಊಟಕ್ಕೆ ಕಾಳು ತೀರಿದಾಗ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಆಹಾರದಾನಕ್ಕೆ ಇದಕ್ಕಿಂತ ಮೇಲಾದ ಉದಾಹರಣೆಯನ್ನು ನಾನು ಪುರಾಣಗಳಲ್ಲಿಯೂ ಹೆಚ್ಚಾಗಿ ಕಂಡಿಲ್ಲ.

ಜಾತಿವಾರು ನಿಲಯಗಳನ್ನು ಇಂದಿನ ಕಣ್ಣಿನಿಂದ ಸುಲಭವಾಗಿ ಖಂಡಿಸಬಹುದು. 1896ರ ಅನುಭವವನ್ನು ನೆನೆದರೆ ಆ ಖಂಡನೆ ಅಷ್ಟು ಸುಲಭವಲ್ಲ. ಮೊದಲ ತಲೆಮಾರಿನ ಮಗುವಿಗೆ ತನ್ನವರ ನಡುವೆ ಅಂಜಿಕೆಯಿಲ್ಲದೆ ಉಣ್ಣುವ ಸ್ಥಳ ಬೇಕಿತ್ತು. ಆದರೆ ಆ ಸ್ಥಳವೇ ಗೋಡೆಯಾಗಿ ನಿಂತರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಸಾತಾರಾ ಎತ್ತಿತು. ಕರ್ನಾಟಕದಲ್ಲಿ ಈ ಪ್ರಶ್ನೆಗೆ ಮಠಗಳು ತಮ್ಮದೇ ಉತ್ತರ ಕೊಟ್ಟವು. ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. 1941ರಿಂದ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದರು. ಎಡೆದೊರೆಯ ಜನರಿಗೆ ಹತ್ತಿರದ ಉದಾಹರಣೆ ಕೊಪ್ಪಳದ ಗವಿಮಠ. 1997ರವರೆಗೆ ಕೊಪ್ಪಳವೂ ರಾಯಚೂರು ಜಿಲ್ಲೆಯ ಭಾಗವೇ ಆಗಿತ್ತು. ಜೈನರಿಗೆ ಕೊಪಣ ಆದಿತೀರ್ಥ. ಇಂದು ಆ ಊರಿನ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದು ಗವಿಮಠದ ಜಾತ್ರೆಯ ದಾಸೋಹ. 2022ರ ಜೂನ್‌ನಲ್ಲಿ ಐದು ಸಾವಿರ ವಿದ್ಯಾರ್ಥಿಗಳ ಉಚಿತ ವಸತಿನಿಲಯಕ್ಕೆ ಅಡಿಗಲ್ಲು ಹಾಕುವಾಗ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮಾತಿನ ನಡುವೆ ಕಣ್ಣೀರಿಟ್ಟರು. ನಾಡಿನ ಜನ ನೆರವಿನ ಹೊಳೆ ಹರಿಸಿದರು.

ಸರ್ಕಾರದ ಪಾತ್ರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1948ರ ಸೆಪ್ಟೆಂಬರಿನಲ್ಲಿ ನಿಜಾಮ ಆಳ್ವಿಕೆ ಕೊನೆಗೊಂಡು, 1956ರಲ್ಲಿ ರಾಯಚೂರು ಏಕೀಕೃತ ರಾಜ್ಯಕ್ಕೆ ಸೇರಿತು. ಪರಿಶಿಷ್ಟ ಜಾತಿ ಪಂಗಡಗಳ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು, 1975ರ ಹಾವನೂರು ವರದಿಯ ಅನಂತರದ ವರ್ಷಗಳಲ್ಲಿ ಹಿಂದುಳಿದ ವರ್ಗಗಳಿಗೆ ಜನರು ಬಿಸಿಎಂ ಎಂದು ಕರೆಯುವ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೆ ಬಂದವು. ದಾನವಾಗಿದ್ದ ಅನ್ನ ಹಕ್ಕಾಗಿ ಮಾರ್ಪಟ್ಟ ಗಳಿಗೆ ಇದು. ಸಾಹಿತ್ಯದ ಅಧ್ಯಯನ ಮಾಡುವವರು ಗಮನಿಸಬೇಕು: ಕನ್ನಡದ ದಲಿತ ಬಂಡಾಯ ಬರಹ ಈ ಹಾಸ್ಟೆಲುಗಳ ಕೋಣೆಗಳಲ್ಲಿಯೇ ಬಹುಮಟ್ಟಿಗೆ ಮೊಳೆಯಿತು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಒಂದು ಪಾತ್ರದಂತೆಯೇ ನಿಲ್ಲುತ್ತದೆ.

ಆದರೂ ದೇವದುರ್ಗ, ಮಾನ್ವಿಗಳ ಸ್ಥಿತಿ ಬಹಳವಾಗಿ ಬದಲಾಗಲಿಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ಆ 39ರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ದೇವದುರ್ಗ, ಮಾನ್ವಿಗಳೆರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಆಗಿದ್ದರೆ ರಾಯಚೂರು ಜಿಲ್ಲೆಯದು ಶೇ. 59.56. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅದು ಅರ್ಧಕ್ಕಿಂತ ಕೆಳಗೆ, ಶೇ. 48.73. ಈ ಅಂಕಿಗಳ ಹಿಂದೆ ಇರುವ ಮಾತು ‘ಗುಳೆ’. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯನ್ನೂ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗವನ್ನೂ ಮುಟ್ಟಿದವು. ನೀರು ಎಲ್ಲ ಹೊಲಗಳನ್ನು ಮುಟ್ಟಲಿಲ್ಲ, ಹೊಲವೇ ಇಲ್ಲದವರನ್ನಂತೂ ಮುಟ್ಟುವುದು ಹೇಗೆ? ಸುಗ್ಗಿ ಮುಗಿದ ಮೇಲೆ ಸಂಸಾರಕ್ಕೆ ಸಂಸಾರವೇ ಗಂಟು ಕಟ್ಟಿಕೊಂಡು ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತದೆ. ಊರಲ್ಲಿ ಉಳಿದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಎಳೆಯ ಕೈಗಳಿಗೂ ಕೂಲಿ ಇದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಇರುತ್ತದೆ, ಮಗು ಇರುವುದಿಲ್ಲ.

ಇಂತಹ ಮಗುವಿಗೆ ವಸತಿಯಿಲ್ಲದ ಶಾಲೆ ಅರ್ಧ ಶಾಲೆ. ರಾಜ್ಯವೂ ಇದನ್ನು ಅರಿಯದೆ ಇಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಒಳ್ಳೆಯ ಫಲ ಕೊಟ್ಟಿವೆ. ಆದರೆ ಅವುಗಳ ಬಾಗಿಲಲ್ಲಿ ಪ್ರವೇಶ ಪರೀಕ್ಷೆ ನಿಂತಿದೆ. ಐದನೆಯ ತರಗತಿಯವರೆಗೆ ತಪ್ಪದೆ ಓದಿದ ಬಡ ಮಗು ಅದನ್ನು ದಾಟಬಹುದು. ಗುಳೆಯಲ್ಲಿ ಮೂರು ವರ್ಷ ಕಳೆದ ಮಗು ದಾಟುವುದಿಲ್ಲ. ಈ ಸಂದಿನಲ್ಲಿಯೇ ಸ್ವಯಂಸೇವಾ ಸಂಸ್ಥೆಗಳ ಕೆಲಸ ಇರುವುದು. ಮಾನ್ವಿಯಲ್ಲಿ ಜೆಸ್ವಿಟ್ ಪಾದ್ರಿಗಳು ಮುಖ್ಯವಾಗಿ ದಲಿತ ಮಕ್ಕಳನ್ನು ಲಕ್ಷ್ಯದಲ್ಲಿಟ್ಟು ನಡೆಸುವ ಲೊಯೊಲ ಶಿಕ್ಷಣ ಸಂಸ್ಥೆ, ದೇವದುರ್ಗದಲ್ಲಿ ಸಲೇಸಿಯನ್ನರ ಡಾನ್ ಬಾಸ್ಕೊ ಈ ಸಾಲಿಗೆ ಸೇರಿದವು. ಶಾಲೆ ಬಿಟ್ಟ ಮಗುವನ್ನು ಹುಡುಕಿ ತರುವುದು, ಅದರ ವಯಸ್ಸಿನ ತರಗತಿಗೆ ಮುಟ್ಟಿಸುವಷ್ಟು ಕಲಿಸುವುದು, ತಾಯಿತಂದೆ ಊರಲ್ಲಿ ಇಲ್ಲದ ತಿಂಗಳುಗಳಲ್ಲಿ ಅದನ್ನು ಕಾಯುವುದು, ಇವು ಇಂತಹ ಕೆಲಸದ ತಿರುಳು. ನಾಲ್ಕು ದಾನಗಳಲ್ಲಿ ನಾವು ಅತ್ಯಂತ ಕಡಿಮೆ ಚರ್ಚಿಸಿರುವುದು ಅಭಯದಾನವನ್ನು. ಅದಕ್ಕೆ ಇಲ್ಲಿ ಸ್ಪಷ್ಟವಾದ ಅರ್ಥವಿದೆ. ಪರಮತದವರು ನಡೆಸುತ್ತಾರೆಂಬ ಕಾರಣಕ್ಕೆ ಈ ದುಡಿಮೆಯನ್ನು ಅನುಮಾನದಿಂದ ನೋಡುವವರುಂಟು. ಅವರು ಮೊದಲು ಕೋಡಿಯ ಮಠದ ಶಾಸನವನ್ನು ಓದಲಿ.

ಹೆಣ್ಣುಮಕ್ಕಳ ಪ್ರಶ್ನೆ ಇನ್ನೂ ಜಟಿಲ. ಹಳ್ಳಿಯ ಶಾಲೆ ಮುಗಿದ ಮೇಲೆ ಪಕ್ಕದ ಊರಿಗೆ ನಡೆದು ಹೋಗಬೇಕಾದ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಮನೆಯವರಿಗೆ ಇರುವ ಇನ್ನೊಂದು ದಾರಿ ಬಾಲ್ಯವಿವಾಹ. 1982ರ ಕಾಯ್ದೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಅನಂತರವೂ ಆ ಪದ್ಧತಿಯ ನೆರಳಿನಲ್ಲಿ ಹುಟ್ಟಿದ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲಿನ ಮುಂದೆ ತಲೆತಗ್ಗಿಸಿ ನಿಂತದ್ದು ಈ ಸೀಮೆಯ ಕಹಿ ವಾಸ್ತವ. 2004ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳ ಹುಡುಗಿಯರಿಗೆ ಆರರಿಂದ ಎಂಟನೆಯ ತರಗತಿಯವರೆಗೆ ವಸತಿ ಕೊಟ್ಟವು. ಎಂಟು ಮುಗಿದ ಮೇಲೆ ಎಲ್ಲಿಗೆ? ಹದಿನಾಲ್ಕು ವರ್ಷದ ಹುಡುಗಿಯನ್ನು ಹಾಸ್ಟೆಲು ಬಿಟ್ಟುಕೊಟ್ಟರೆ ಕಾಯುತ್ತಿರುವುದು ಹಸೆಮಣೆ. ಸಮಗ್ರ ಶಿಕ್ಷಾ ಯೋಜನೆ ಬಂದ 2018ರ ಅನಂತರ ಹನ್ನೆರಡನೆಯ ತರಗತಿಯವರೆಗೆ ಇದನ್ನು ವಿಸ್ತರಿಸುವ ಅವಕಾಶವಾಯಿತು. ಅದು ಎಲ್ಲೆಡೆ ಕೈಗೂಡಲೆಂದು ಹಾರೈಸಬೇಕು.

ಪಂಕ್ತಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಮೊದಲು ಜಾರಿಗೆ ಬಂದದ್ದು ರಾಯಚೂರನ್ನೂ ಒಳಗೊಂಡ ಏಳು ಜಿಲ್ಲೆಗಳಲ್ಲಿ. ಅಕ್ಷರ ಮತ್ತು ದಾಸೋಹಗಳನ್ನು ಒಂದೇ ಸಮಾಸದಲ್ಲಿ ಕಟ್ಟಿದ ಆ ಹೆಸರು ಎಷ್ಟು ಅರ್ಥಪೂರ್ಣ! 2021ರ ಡಿಸೆಂಬರಿನಲ್ಲಿ ಇದೇ ಸೀಮೆಯ ಶಾಲೆಗಳಲ್ಲಿ ಅಪೌಷ್ಟಿಕತೆಯನ್ನು ತಗ್ಗಿಸಲೆಂದು ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಯೋಜನೆ ಆರಂಭವಾದಾಗ ಕೆಲವು ಮಠಾಧಿಪತಿಗಳೂ ಜೈನ ಸಂಘಟನೆಗಳೂ ವಿರೋಧಿಸಿದುದು ತಿಳಿದ ವಿಷಯ. ಗಂಗಾವತಿಯ ಶಾಲಾ ಬಾಲಕಿಯರು ತಮಗೆ ಮೊಟ್ಟೆ ಬೇಕೇ ಬೇಕೆಂದು ನಿರ್ಭೀತಿಯಿಂದ ಹೇಳಿದ ದೃಶ್ಯವನ್ನು ನಾಡು ನೋಡಿತು. ಅಹಿಂಸೆ ನನಗೆ ಪರಮ ಮೌಲ್ಯ. ನನ್ನ ಎಲೆಯ ಮೇಲೆ ಏನಿರಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಆದರೆ ವ್ರತ ಎಂಬುದು ತಾನಾಗಿ ಕೈಕೊಳ್ಳುವಂಥದು. ಹಸಿದ ಮಗುವಿಗೆ ಇನ್ನೊಬ್ಬರ ಅಣುವ್ರತವನ್ನು ಹೇರಲು ಯಾವ ಶ್ರಾವಕಾಚಾರವೂ ಅಪ್ಪಣೆ ಕೊಟ್ಟಿಲ್ಲ. ಮೊಟ್ಟೆಯ ಮಕ್ಕಳು ಒಂದು ಸಾಲು, ಹಣ್ಣಿನ ಮಕ್ಕಳು ಇನ್ನೊಂದು ಸಾಲು ಎಂದು ಯಾವ ಶಾಲೆಯಲ್ಲಿಯೂ ಕೂರಿಸಬಾರದು. ನನಗೆ ಹೆಚ್ಚಿನ ಚಿಂತೆ ಇರುವುದು ಅಲ್ಲಿ.

ಕಡೆಯದಾಗಿ ಆಕರಗಳ ಮಾತು. ನಾಗಾವಿಯ ಘಟಿಕೆಯಲ್ಲಿ ಎಷ್ಟು ಮಂದಿ ಉಂಡು ಓದಿದರೆಂಬುದು ಸುಮಾರು ಸಾವಿರ ವರ್ಷಗಳ ಮೇಲೂ ನಮಗೆ ತಿಳಿಯುತ್ತದೆ, ಏಕೆಂದರೆ ಅದನ್ನು ಕಲ್ಲಿನಲ್ಲಿ ಬರೆದಿಟ್ಟರು. ನಮ್ಮ ಕಾಲದ ವಿದ್ಯಾರ್ಥಿನಿಲಯಗಳ ಕಥೆ ಇರುವುದು ಪ್ರವೇಶದ ರಿಜಿಸ್ಟರಿನಲ್ಲಿ, ಉಗ್ರಾಣದ ಲೆಕ್ಕದ ಪುಸ್ತಕದಲ್ಲಿ, ಯಾವ ದಿನ ಎಷ್ಟು ಸೇರು ಜೋಳ ಹೊರಬಿತ್ತೆಂಬ ಚೀಟಿಯಲ್ಲಿ. ಯಾವ ವರ್ಷ ಯಾವ ಹಳ್ಳಿಯ ಯಾವ ಕೇರಿಯ ಮಗು ಮೊದಲ ಬಾರಿಗೆ ಒಳಗೆ ಬಂತು, ಯಾವ ತಿಂಗಳಲ್ಲಿ ಎಷ್ಟು ಮಕ್ಕಳು ಬಿಟ್ಟುಹೋದರು ಎಂಬುದನ್ನು ಬೇರೆ ಯಾವ ಆಕರವೂ ಹೇಳಲಾರದು. ಉರ್ದುವಿನಲ್ಲಿರುವ ಹಳೆಯ ದಾಖಲೆಗಳನ್ನು ಓದಬಲ್ಲ ಕನ್ನಡ ಸಂಶೋಧಕರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ರಾಯಚೂರಿನಲ್ಲಿ ಈಗ ವಿಶ್ವವಿದ್ಯಾಲಯವೊಂದಿದೆ. ಅಲ್ಲಿನ ಇತಿಹಾಸ, ಕನ್ನಡ ವಿಭಾಗಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ನಿಲಯಗಳಲ್ಲಿ ಉಂಡು ಬಂದವರೇ. ಅವರಲ್ಲಿ ಯಾರಾದರೂ ಒಬ್ಬರು ತಾವು ಉಳಿದಿದ್ದ ಹಾಸ್ಟೆಲಿನ ಹಳೆಯ ಪುಸ್ತಕಗಳನ್ನು ಕೇಳಿ ಪಡೆದು, ಧೂಳು ಕೊಡವಿ, ಮೊದಲ ಪುಟದಿಂದ ಓದಲು ಕುಳಿತರೆ ಈ ಚರಿತ್ರೆಯ ಮೊದಲ ಅಧ್ಯಾಯ ಸಿದ್ಧವಾಗುತ್ತದೆ.